ಎರವಲು ಹೋದವಳು

ನಮ್ಮ ಮನೆಯ ಮುಂಬಾಗಿಲಿಗೆ ಒಳಗಡೆಯಿಂದ ಒಂದು ಚಿಲಕ ಇತ್ತು. ಗಟ್ಟಿಮುಟ್ಟಾದ ಹಿತ್ತಾಳೆ ಚಿಲಕ. ಹಗಲು ಹೊತ್ತಿನಲ್ಲಿ ಅದನ್ನು ಹಾಕುವ ಅಧಿಕಾರ ಮಾತ್ರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮದ್ರಾಸಿನ ರಾಯಪುರಂನ ಆ ಬಾಡಿಗೆ ಮನೆಯಲ್ಲಿ ಕೋಣೆಗಳು ರೈಲುಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಮುಂದಿನದು ಲೈಬ್ರರಿ, ನಡುವಿನದು ನಾವು ಮಲಗುವ ಕೋಣೆ, ಹಿಂದಿನದು ಅಡುಗೆಮನೆ. ಅದರಾಚೆ ಅಡಿಪಂಪು, ಅಂದರೆ ಕೈಪಂಪು, ನೆಟ್ಟಿದ್ದ ಇಷ್ಟೇ ಇಷ್ಟು ಅಂಗಳ. ಬೀದಿಯವರು ಮುಂದಿನ ಕೋಣೆಯನ್ನು 'ಪಡಿಪ್ಪಗಂ' ಅನ್ನುತ್ತಿದ್ದರು, ಓದುವ ಮನೆ ಅಂತ. ಅಪ್ಪ ಮತ್ತು ಅವನ ಹಾಗೆಯೇ ಬೌದ್ಧರಾದ ನಾಲ್ಕಾರು ಗೆಳೆಯರು ಸೇರಿ ಕಟ್ಟಿದ್ದು ಅದು. ಬೇರೆ ಜಾಗ ಸಿಗುವವರೆಗೆ ನಮ್ಮ ಮನೆಯಲ್ಲಿರಲಿ ಅಂತ ಶುರುವಾಗಿತ್ತಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಲೈಬ್ರರಿಯೇ ಮನೆಯ ಯಜಮಾನ, ನಾವು ಅದರ ಹಿಂದುಗಡೆ ಇರುವ ಬಾಡಿಗೆಯವರು ಅನ್ನುವ ಹಾಗಾಗಿತ್ತು. ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧ, ಪಕ್ಕದಲ್ಲಿ ನೀಲಿ ಕೋಟು ತೊಟ್ಟು ಪುಸ್ತಕ ಹಿಡಿದ ನಮ್ಮೆಲ್ಲರ ದೊಡ್ಡವರ ಪಟ. ಬಂದರಿನ ತೇವಕ್ಕೆ ಹುಳ ಹತ್ತದಿರಲಿ ಅಂತ ಪುಸ್ತಕಗಳ ನಡುವೆ ಬೇವಿನ ಸೊಪ್ಪು, ಬಜೆಯ ತುಂಡು. ಹೊರಗಿನಿಂದ ಒಣಮೀನಿನ ವಾಸನೆ, ಒಳಗಿನಿಂದ ಬಜೆಯ ವಾಸನೆ. ನನ್ನ ಸ್ಕೂಲ್ ಯೂನಿಫಾರಂ ಎರಡನ್ನೂ ಹೊತ್ತುಕೊಂಡು ಹೋಗುತ್ತಿತ್ತು.

ಲೈಬ್ರರಿಗೆ ಎರಡೇ ನೇಮ. ಬಾಗಿಲಿಗೆ ಬಂದವರನ್ನು ಯಾರು ನೀವು, ಯಾವ ಕಡೆಯವರು ಅಂತ ಕೇಳುವಂತಿಲ್ಲ. ಕೊಟ್ಟ ಪುಸ್ತಕವನ್ನು ವಾಪಸು ಕೊಡಿ ಅಂತ ಕೇಳುವಂತಿಲ್ಲ. ಯಾರಿಗೆ ಯಾವುದು ಕೊಟ್ಟೆವು ಅಂತ ಬರೆದಿಡುವುದೂ ಇಲ್ಲ. ಓದಿದವರು ತಾವಾಗಿಯೇ ಹುಣ್ಣಿಮೆಯ ಬೆಳಿಗ್ಗೆ ಪುಸ್ತಕ ತರಬೇಕು, ಚಾಪೆಯ ಮೇಲೆ ಎದ್ದು ನಿಂತು ಅದರಲ್ಲಿ ತನಗೆ ಸಿಕ್ಕಿದ್ದೇನು ಅಂತ ಒಂದು ಮಾತು ಹೇಳಬೇಕು. ಕೂತವರೆಲ್ಲ ಒಳ್ಳೆಯದಾಯಿತು ಅನ್ನುವ ಅರ್ಥದಲ್ಲಿ 'ಸಾಧು' ಅನ್ನಬೇಕು, ಅಲ್ಲಿಗೆ ಲೆಕ್ಕ ಚುಕ್ತಾ. ತಂದವರು ತಂದರು, ತಾರದವರು ತಾರಲಿಲ್ಲ. ಅಮ್ಮನಿಗೆ ಇದು ಹುಚ್ಚಾಟದ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಸಾಲ ಹೋದರೆ ಅದು ಬರುವ ತನಕ ನಿದ್ದೆ ಮಾಡದ ಹೆಂಗಸು ಅವಳು.

"ಕೊಟ್ಟಿದ್ನ ಕೇಳದೆ ಹೋದ್ರ ಯಾರ್ ತಂದ್ಕೊಟ್ಟಾರು? ನಾಳ ಈ ಗೋಡ ಮಾತ್ರ ಉಳಿತದ ನೋಡ್ತಿರಿ."

ಅದಕ್ಕೆ ಅಪ್ಪ ಒಂದೇ ಒಂದು ಸಲ ಉತ್ತರ ಹೇಳಿದ್ದನ್ನು ಕೇಳಿದ್ದೇನೆ. ಕೊಳ್ಳೇಗಾಲದ ಕಡೆಯ ಅವನ ಊರಿನ ಸ್ಕೂಲಿನಲ್ಲಿ ಮೇಷ್ಟ್ರೊಬ್ಬರು ಪ್ರೀತಿಯಿಂದ ಅವನ ಕೈಗೆ ಒಂದು ಚಿತ್ರದ ಪುಸ್ತಕ ಕೊಟ್ಟು ಮನೆಗೆ ಒಯ್ಯಿ ಅಂದರಂತೆ. ಮಾರನೆಯ ಬೆಳಿಗ್ಗೆ ಊರಿನ ದೊಡ್ಡ ಮನುಷ್ಯನೊಬ್ಬ ಕೇರಿಯ ಬಾಯಿಗೇ ಬಂದು ನಿಂತು ಪುಸ್ತಕ ತಾ ಅಂದ. ಕೈಗೆ ತೆಗೆದುಕೊಳ್ಳಲಿಲ್ಲ, ನೆಲದ ಮೇಲೆ ಇಡಿಸಿದ, ನೀರು ಚಿಮುಕಿಸಿ ಆಳಿನ ಕೈಯಲ್ಲಿ ಎತ್ತಿಸಿಕೊಂಡು ಹೋದ. "ಇನ್ನೂ ಅರ್ಧ ಓದಿರ್ನಿಲ್ಲ," ಅಂದ ಅಪ್ಪ, ಅಷ್ಟೇ. ಅಮ್ಮ ಆಮೇಲೆ ಪುಸ್ತಕ ಕಳೆದುಹೋಗುವ ಬಗ್ಗೆ ಮಾತಾಡುವುದನ್ನು ನಿಲ್ಲಿಸಿದಳು. ಆದರೆ ದಣಿವು ಮಾತಾಡದಿದ್ದರೆ ಹೋಗುವಂಥದ್ದಲ್ಲ.

ಭಾನುವಾರ ಬಂತೆಂದರೆ ನನಗೂ ಅಮ್ಮನಿಗೂ ತಲೆಬೇನೆ. ಬೆಳಿಗ್ಗೆಯೇ ಜನ ಬಂದು ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ತ್ರಿಸರಣ ಹೇಳಿ, ಪಂಚಶೀಲ ಹೇಳಿ, ಆಮೇಲೆ ಮೌನಕ್ಕೆ ಕೂರುತ್ತಿದ್ದರು. ಮುಗಿದ ಮೇಲೆ ಅವರಿಗೆಲ್ಲ ಕಡಲೆಕಾಳಿನ ಸುಂಡಲ್, ಟೀ. ಸುಂಡಲ್ ಬೇಯಬೇಕಾದ್ದು ಅವರು ಮೌನದಲ್ಲಿರುವಾಗ! ಕುಕ್ಕರ್ ವಿಷಲ್ ಹಾಕಬಾರದು. ಅಮ್ಮ ಒಲೆಯ ಮುಂದೆ ನಿಂತು, ವಿಷಲ್ ಬರುವ ಸುಳಿವು ಸಿಕ್ಕ ಕೂಡಲೇ ಕುಕ್ಕರ್ ಇಳಿಸುವಳು, ಮತ್ತೆ ಇಡುವಳು, ಮತ್ತೆ ಇಳಿಸುವಳು. ಕಾಳು ಬೇಯುವಷ್ಟರಲ್ಲಿ ಅವಳೇ ಬೆಂದು ಹೋಗಿರುತ್ತಿದ್ದಳು. ಅಡಿಪಂಪನ್ನು ಮುಟ್ಟುವಂತಿಲ್ಲ, ಅದು ಕಿರುಚುತ್ತಿತ್ತು. ಮುಟ್ಟಿದರೂ ಬೇಸಿಗೆಯಲ್ಲಿ ಬರುತ್ತಿದ್ದದ್ದು ಉಪ್ಪುನೀರು. ಕುಡಿಯುವ ನೀರು ಲಾರಿಯಲ್ಲಿ ಬರಬೇಕು. ಆ ಲಾರಿಯವನಿಗೋ ಬುದ್ಧನ ಮೇಲೆ ಏನು ದ್ವೇಷವೋ, ಸರಿಯಾಗಿ ಮೌನದ ಹೊತ್ತಿಗೇ ಬೀದಿಯ ತುದಿಯಲ್ಲಿ ಹಾರ್ನ್ ಹೊಡೆಯುತ್ತಿದ್ದ. ಬೀದಿಯ ಹೆಂಗಸರೆಲ್ಲ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಹಿಡಿದು ಓಡುವರು. ಅಮ್ಮ ಒಲೆ ಆರಿಸಿ, ಎರಡು ಕಂಕುಳಿಗೂ ಕೊಡ ಇರುಕಿಕೊಂಡು, ಕೂತವರ ಮೊಣಕಾಲುಗಳ ನಡುವೆ ಕಾಲಿಟ್ಟುಕೊಂಡು ಹೋಗುವಳು. ಬರುವಾಗ ತುಂಬಿದ ಕೊಡಗಳಿಂದ ನೀರು ತುಳುಕಿ ಅಪ್ಪನ ಹೆಗಲ ಮೇಲೆ ಬೀಳುತ್ತಿತ್ತು. ಅಪ್ಪ ಕಣ್ಣು ಬಿಡುತ್ತಿರಲಿಲ್ಲ. ಕೋಪ ಬಂದರೂ ಅಲುಗಾಡದೆ ಕೂರುವುದೇ ಸಾಧನೆ ಅಂತ ಹೇಳಿಕೊಡುತ್ತಿದ್ದ ಮನುಷ್ಯ. ಅವನಿಗೆ ಕೋಪವೇ ಬಂದಿರಲಿಲ್ಲವಲ್ಲ! ಕೋಪವೆಲ್ಲ ಕೊಡ ಹೊತ್ತವಳದ್ದು.

ಪ್ಯಾರೀಸ್ ಕಾರ್ನರಿನ ಹತ್ತಿರ ಹಡಗಿನ ಸರಕು ಬಿಡಿಸುವ ಆಫೀಸೊಂದರಲ್ಲಿ ಅಪ್ಪನಿಗೆ ಕೆಲಸ. ಚಿಕ್ಕ ವಯಸ್ಸಿಗೇ ಇಲ್ಲಿಗೆ ಬಂದು ತಮಿಳು ಕಲಿತು, ತಮಿಳು ಪುಸ್ತಕ ಓದಿಯೇ ಬೌದ್ಧನಾದವನು. ಅಮ್ಮ ಮದುವೆಯಾಗಿ ಬಂದವಳು, ಹೆಸರು ಮಾದೇವಮ್ಮ. ಊರಿನ ಹೆಸರು ಚೆನ್ನೈ ಅಂತ ಬದಲಾಗಿದ್ದರೂ ಅವಳ ಬಾಯಲ್ಲಿ ಇವತ್ತಿಗೂ ಮದ್ರಾಸೇ. ಊರಿನ ಸ್ಕೂಲಿನಲ್ಲಿ ಅಷ್ಟಿಷ್ಟು ಓದಿದ್ದಳು, ಕನ್ನಡವನ್ನು ಬೆರಳಿಟ್ಟು ಸರಾಗವಾಗಿ ಓದುತ್ತಿದ್ದಳು. ಆದರೆ ಸೂರಿನ ತನಕ ಪುಸ್ತಕ ತುಂಬಿದ ಆ ಮನೆಯಲ್ಲಿ ಕನ್ನಡದ್ದು ಒಂದೂ ಇರಲಿಲ್ಲ. ಅವಳಿಗೆ ಓದಲು ಇದ್ದದ್ದು ಊರಿನಿಂದ ಅವಳ ಅಣ್ಣ, ನನ್ನ ಸೋದರಮಾವ, ತಂದುಕೊಡುತ್ತಿದ್ದ ಮಾದೇಶ್ವರನ ಕ್ಯಾಲೆಂಡರ್ ಒಂದೇ. ಅಡುಗೆಮನೆಯ ಬಾಗಿಲ ಹಿಂದೆ ಅದನ್ನು ತೂಗುಹಾಕಿಕೊಂಡು, ಯಾವ ದಿನ ಏಕಾದಶಿ, ಯಾವ ದಿನ ಷಷ್ಠಿ ಅಂತ ಪ್ರತಿದಿನ ಹೊಸದಾಗಿ ಓದುತ್ತಿದ್ದಳು. ಪಾಪ, ಅದರಲ್ಲಿ ಏನು ಕಥೆ ಸಿಗುತ್ತದೆ?

ಈಗ ನನ್ನ ವಿಷಯ. ನಮ್ಮ ಲೈಬ್ರರಿಯಲ್ಲಿ ಇನ್ನೊಂದು ಪದ್ಧತಿ ಇತ್ತು, ನಾನು ಬೇರೆಲ್ಲೂ ಕಂಡಿಲ್ಲ. ಓದಲು ಬಾರದವರಿಗೆ ಪುಸ್ತಕದ ಜೊತೆಗೆ ಓದುವವರನ್ನೂ ಎರವಲು ಕೊಡುತ್ತಿದ್ದರು. ಪುಸ್ತಕ ಲೈಬ್ರರಿಯಲ್ಲೇ ಕೂತರೆ ಬೊಂಬೆ, ಅದು ಬೀದಿಗಿಳಿಯಬೇಕು ಅನ್ನುವುದು ಅಪ್ಪನ ಮಾತು. ಮೊದಮೊದಲು ಗೆಳೆಯರೆಲ್ಲ ಹೋಗಿ ಓದಿ ಬರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಬಂದು ಕೊನೆಗೆ ಉಳಿದದ್ದು ಯಾರು? ಕೂಲಿಯಿಲ್ಲದೆ, ಎದುರಾಡದೆ, ತಮಿಳು ಮೀಡಿಯಂನಲ್ಲಿ ಗಟ್ಟಿಯಾಗಿ ಓದುವ ನಾನು. ಸುಜಾತ. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರು, ಅಪ್ಪ ಇಟ್ಟದ್ದು. ಸ್ಕೂಲ್ ಬಿಟ್ಟು ಬಂದು ಚೀಲ ಇಡುವ ಮುಂಚೆ ಅಪ್ಪ ಬೆಳಿಗ್ಗೆಯೇ ಹೇಳಿ ಹೋಗಿದ್ದ ಮನೆಗೆ ಹೊರಡಬೇಕು. ಹೆಚ್ಚಾಗಿ ಅಂಜಲೈ ಆಯಾ ಮನೆ. ಆಯಾ ಅಂದರೆ ಆ ಕಡೆ ಅಜ್ಜಿ. ಅವಳು ಬಾಗಿಲಲ್ಲಿ ಕೂತು ಸಿಗಡಿ ಸುಲಿಯುತ್ತಾ, "ವಾ ಕಣ್ಣು, ನಿನ್ನೆ ಎಲ್ಲಿಗೆ ನಿಲ್ಲಿಸಿದೆ?" ಅನ್ನುವಳು. ಅವಳಿಗೆ ಜಾತಕ ಕಥೆಗಳು ಬೇಕು, ಅದರಲ್ಲೂ ಮೀನು ಬರುವಂಥವು. ಅವಳನ್ನು ಬಿಟ್ಟರೆ ಬಲೆ ಹೊಲಿಯುವವರ ಜಗಲಿ, ಅದಾದರೆ ಬಂದರಿನಲ್ಲಿ ಕಾಲು ಮುರಿದುಕೊಂಡು ಮಲಗಿದವರ ಮನೆ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಬಾಯಿಗೆ ಏನಾದರೂ ಕೊಡುವವರೇ. ಆದರೂ ಕತ್ತಲಾಗಿ ಮನೆಗೆ ಬರುವಾಗ ನನ್ನ ಗಂಟಲು ಒಣಗಿರುತ್ತಿತ್ತು, ಅಮ್ಮನ ಜೊತೆ ಮಾತಾಡಲು ದನಿಯೇ ಉಳಿದಿರುತ್ತಿರಲಿಲ್ಲ. ಉಳಿದ ಚೂರೂ ತಮಿಳಿನಲ್ಲೇ ಬರುತ್ತಿತ್ತು.

"ಉಂಡ್ಕಬಾ ಮಗಾ."

"ಅಪ್ಪುರಂ."

"ಏನ್ ಓದ್ದೆ ಇವತ್ತು?"

"ಒಣ್ಣುಮಿಲ್ಲೆ ಮ್ಮಾ."

'ಆಮೇಲೆ', 'ಏನೂ ಇಲ್ಲಮ್ಮ' ಅಂತ. ಇಷ್ಟೇ ನಮ್ಮಿಬ್ಬರ ಮಾತುಕತೆ. ಅವಳು ಕನ್ನಡದಲ್ಲಿ ಕೇಳುವಳು, ನಾನು ತಮಿಳಿನಲ್ಲಿ ತಳ್ಳಿಹಾಕುವೆ. ತಟ್ಟೆಯ ಮುಂದೆಯೇ ನಿದ್ದೆ ಹೋಗಿಬಿಡುತ್ತಿದ್ದೆ. ಅಮ್ಮ ನನ್ನ ಕೈ ತೊಳೆಸಿ ಮಲಗಿಸುತ್ತಿದ್ದಳಂತೆ. ಹಾಗೆ ಮಲಗಿಸುತ್ತಾ ಅವಳು ಏನು ಯೋಚನೆ ಮಾಡುತ್ತಿದ್ದಳು ಅನ್ನುವುದು ನಮಗೆ ಗೊತ್ತಾದದ್ದು ಒಂದು ಹುಣ್ಣಿಮೆಯ ಬೆಳಿಗ್ಗೆ.

ಅವತ್ತು ಪುಸ್ತಕ ತಂದವರು ತಮ್ಮ ತಮ್ಮ ಮಾತು ಹೇಳಿ ಮುಗಿಸಿದ್ದರು. ಹೊಸದಾಗಿ ಬೇಕಾದವರು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಅಪ್ಪ ಒಬ್ಬೊಬ್ಬರ ಮುಂದೆ ಬಗ್ಗಿ ಏನು ಬೇಕು ಅಂತ ಕೇಳುತ್ತಾ ಬರುತ್ತಿದ್ದ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದವಳೇ ಸಾಲಿನ ಕೊನೆಯಲ್ಲಿ, ಅಂಜಲೈ ಆಯಾ ಪಕ್ಕ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಅಷ್ಟು ವರ್ಷಗಳಲ್ಲಿ ಅವಳು ಆ ಚಾಪೆಯ ಮೇಲೆ ಕೂತದ್ದು ಅದೇ ಮೊದಲು. ಅಪ್ಪ ತಮಾಷೆ ಅಂದುಕೊಂಡು ನಕ್ಕ.

"ನಿಂಗೇನ್ ಬೇಕು?"

"ಓದೋರು ಬೇಕು. ನಂಗ ತಮಿಳು ಓದಕ್ಕ ಬರಲ್ಲ."

"ಯಾರು ಬೇಕು?"

"ಸುಜಾತ."

"ಮನೇಲೇ ಅವಳಲ್ವ ಮಾದೇವಿ!"

"ಎಲ್ಲಿ ಅವಳ? ಬೀದಿಯೋರೆಲ್ಲ ನೋಡವ್ರ. ನಾ ಮಾತ್ರ ನೋಡ್ನಿಲ್ಲ."

ಯಾರೂ ನಗಲಿಲ್ಲ. ಭಾಷೆ ಅರ್ಥವಾಗದಿದ್ದರೂ ಅಂಜಲೈ ಆಯಾಗೆ ವಿಷಯ ಅರ್ಥವಾಗಿತ್ತು. ಅಮ್ಮನ ತೊಡೆಯ ಮೇಲೆ ಕೈಯಿಟ್ಟು, "ಕೊಟ್ಟುಬಿಡಪ್ಪಾ, ನನ್ನ ಸಿಗಡಿಗೆ ಕಥೆ ಬೇಕಾಗಿಲ್ಲ," ಅಂದಳು ತಮಿಳಿನಲ್ಲಿ. ಅಪ್ಪ ಒಂದು ಪುಸ್ತಕ ತೆಗೆದು, ಬುದ್ಧನ ಜೀವನದ್ದು, ನನ್ನ ಕೈಗೆ ಕೊಟ್ಟ. ನಾನು ಅದನ್ನು ಹಿಡಿದುಕೊಂಡು ಅಮ್ಮನ ಹಿಂದೆ ಅಡುಗೆಮನೆಗೆ ಹೋದೆ. ಆ ಪುಸ್ತಕಕ್ಕಿಂತ ಹಗುರಾಗಿದ್ದೆ ನಾನು. ಹೇಳಿಕೊಳ್ಳಲಾಗದಷ್ಟು ಖುಷಿ.

ಅವತ್ತಿನಿಂದ ಸಂಜೆ ಅಮ್ಮನದು. ಅವಳು ಅಕ್ಕಿ ಆರಿಸುತ್ತಾಳೆ, ನಾನು ಒಲೆಯ ಪಕ್ಕ ಗೋಡೆಗೊರಗಿ ಕೂತು ತಮಿಳಿನಲ್ಲಿ ಒಂದು ಸಾಲು ಓದುತ್ತೇನೆ. "ಇದು ಆಯ್ತು, ಈಗ ನಮ್ ಮಾತಲ್ಲಿ ಹೇಳು," ಅನ್ನುತ್ತಾಳೆ. ನನಗೆ ನಮ್ಮ ಮಾತು ಬಾಯಿಗೇ ಬರದು. ಹುಡುಕುತ್ತೇನೆ, ತೊದಲುತ್ತೇನೆ, ತಮಿಳಿಗೇ ಕನ್ನಡದ ಬಾಲ ಅಂಟಿಸುತ್ತೇನೆ. ಅಮ್ಮ ತಿದ್ದುತ್ತಾಳೆ. ಇವತ್ತು ನಾನು ಎರಡು ಭಾಷೆಗಳ ನಡುವೆ ನಿಂತು ಅನುವಾದ ಮಾಡಿ ಅನ್ನ ತಿನ್ನುವವಳು. ಯಾವ ಯೂನಿವರ್ಸಿಟಿಯಲ್ಲಿ ಕಲಿತಿರಿ ಅಂತ ಕೇಳುತ್ತಾರೆ. ರಾಯಪುರಂನ ಒಂದು ಅಡುಗೆಮನೆ ಅಂದರೆ ನಗುತ್ತಾರೆ. ಅಮ್ಮನಂಥ ಕಷ್ಟದ ಕೇಳುಗರು ಆಮೇಲೆ ನನಗೆ ಸಿಕ್ಕಿಲ್ಲ. ಸಿದ್ಧಾರ್ಥ ಅರಮನೆ ಬಿಟ್ಟು ಹೋಗುವ ಪುಟಕ್ಕೆ ಬಂದಾಗ ಅವಳ ಕೈ ಮೊರದಲ್ಲೇ ನಿಂತಿತು.

"ಹೆಂಡ್ತಿ ಮಲ್ಗಿದ್ಳ? ಎಬ್ಬಿಸ್ನಿಲ್ವ?"

"ಇಲ್ಲಮ್ಮ. ಎದ್ದರ ಬುಡಲ್ಲ ಅಂತ."

"ಹೋಗು ಅಂತನೂ ಅಂದಿರೋಳೇನೋ. ಕೇಳಿ ನೋಡಬೇಕಿತ್ತು ಕನ ಮಗಾ. ಒಂದ್ ಮಾತು."

ಪಾಯಸ ಕೊಟ್ಟ ಸುಜಾತೆಯ ಕಥೆಯನ್ನು ಮಾತ್ರ ಮತ್ತೆ ಮತ್ತೆ ಓದಿಸಿದಳು. ಆಮೇಲೆ ಆ ಹುಡುಗಿ ಏನಾದಳು ಅಂತ ಕೇಳಿದಳು. ಪುಸ್ತಕದಲ್ಲಿ ಇಲ್ಲ ಅಂದೆ. "ಉಂಡೋರ ಕಥೆ ಬರೀತಾರ, ಬಡ್ಸಿದೋಳ್ದು ಯಾರ್ ಬರೀತಾರ," ಅಂದು ಮೊರ ಕುಟ್ಟಿದಳು. ಪುಸ್ತಕ ಮುಗಿಯಿತು. ಮುಂದಿನ ಹುಣ್ಣಿಮೆಗೆ ಪುಸ್ತಕವನ್ನು ಮಾತ್ರ ವಾಪಸು ಕಳಿಸಿದಳು, ನನ್ನನ್ನು ಕೊಡಲಿಲ್ಲ. ಅಪ್ಪ ಬೇರೆ ಪುಸ್ತಕ ಕೊಟ್ಟ. ಸುಂಡಲ್ ಮಾಡುವಾಗ ಅಮ್ಮ ಹಾಡಿಕೊಳ್ಳುವುದನ್ನು ನಾನು ಕೇಳಿದ್ದು ಆ ತಿಂಗಳುಗಳಲ್ಲೇ.

ಬೇಸಿಗೆ ರಜ ಹತ್ತಿರ ಬಂತು. ತಾಂಬರಂ ಕಡೆ ಹೊಸದಾಗಿ ಒಂದು ಗುಂಪು ಸೇರಿತ್ತು, ಅಲ್ಲೂ ನಮ್ಮ ಥರದ್ದೇ ಒಂದು ಲೈಬ್ರರಿ ತೆರೆಯುವ ಉಮೇದು. ಓದುವವರು ಯಾರೂ ಇಲ್ಲ, ಶುರುವಿನಲ್ಲಿ ಸ್ವಲ್ಪ ಕೈಹಿಡಿಯಿರಿ ಅಂದರಂತೆ. ಅಪ್ಪ ಆಫೀಸಿನಿಂದ ಬಂದವನು, ಚಪ್ಪಲಿ ಬಿಡುತ್ತಲೇ, ಮಳೆ ಬಂತು ಅನ್ನುವಷ್ಟು ಸಲೀಸಾಗಿ ಹೇಳಿದ.

"ರಜಾ ಪೂರ್ತಿ ಸುಜಾತ ತಾಂಬರಂನಲ್ಲಿ ಇರ್ತಾಳ. ಒಳ್ಳೆ ಜನ. ಎಲೆಕ್ಟ್ರಿಕ್ ಟ್ರೇನಲ್ಲಿ ನಾನೇ ಬುಟ್ಟು ಬತ್ತೀನಿ."

"ಯಾರ್ನ ಕೇಳಿ ಒಪ್ಕಂಡ್ರಿ?"

"ಒಳ್ಳೆ ಕೆಲ್ಸ ಮಾದೇವಿ. ಇದ್ರಲ್ಲಿ ಕೇಳೋದೇನದ?"

ಅಮ್ಮ ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ನಾನು ತಾಂಬರಂಗೇ ಹೋಗುತ್ತಿದ್ದೆನೇನೋ, ಯಾಕೆಂದರೆ ಕೂಗಾಟದ ಮುಂದೆ ಕಣ್ಣು ಮುಚ್ಚಿ ಕೂರುವುದು ಅಪ್ಪನಿಗೆ ಅಭ್ಯಾಸವಾಗಿತ್ತು. ಅವಳು ನೀರಿನ ಕೊಡ ಕೆಳಗಿಟ್ಟು ತಣ್ಣಗೆ ಹೇಳಿದಳು.

"ಅವಳು ನಿಮ್ ಲೈಬ್ರರೀಲಿ ಇಲ್ಲ. ನಾ ಎರವಲು ತಕ್ಕಂಡಿವ್ನಿ, ಇನ್ನೂ ವಾಪಸ್ ಕೊಟ್ಟಿಲ್ಲ. ವಾಪಸ್ ಕೊಡು ಅಂತ ನೀವು ಕೇಳಂಗಿಲ್ಲ. ನೇಮ ನಿಮ್ದೇ."

ಅಪ್ಪ ಬಿಟ್ಟ ಚಪ್ಪಲಿಯನ್ನು ಬಾಗಿಲ ಪಕ್ಕ ಜೋಡಿಸಿಟ್ಟ.

"ನಾ ನಮ್ಮಣ್ಣನ ಮನಗ ಹೋಯ್ತೀನಿ. ಎರವಲು ತಕ್ಕಂಡಿದ್ನ ಊರ್ ದಾಟಿಸ್ಬಾರ್ದು ಅಂತ ನೇಮ ಏನಾರ ಅದಾ?"

ಇನ್ನೊಬ್ಬ ಗಂಡಸಾಗಿದ್ದರೆ ಬೈಯುತ್ತಿದ್ದ, ಇಲ್ಲ ನಕ್ಕು ಸಮಾಧಾನ ಮಾಡುತ್ತಿದ್ದ. ನಮ್ಮಪ್ಪ ಗೋಡೆಗೆ ಒರಗಿ ನಿಜವಾಗಿಯೂ ಯೋಚನೆ ಮಾಡಿದ. ಆಮೇಲೆ, "ಇಲ್ಲ. ಹಂಗೇನೂ ನೇಮ ಇಲ್ಲ," ಅಂದ. ಅಯ್ಯೋ ನನ್ನಪ್ಪನೇ!

ಪ್ಯಾರೀಸ್ ಕಾರ್ನರಿನ ಬಸ್‌ಸ್ಟ್ಯಾಂಡಿಗೆ ಟ್ರಂಕು ಹೊತ್ತು ತಂದವನೂ ಅವನೇ. ಕಿಟಕಿಯ ಸೀಟು ಹಿಡಿದುಕೊಟ್ಟ, ಇಡ್ಲಿ ಪೊಟ್ಟಣ ಕೊಟ್ಟ, ನನ್ನ ತಲೆ ಸವರಿದ. ಡ್ರೈವರ್ ಹತ್ತಿದ. ಈಗ ಹೇಳುತ್ತಾನೆ, ಹೋಗಬೇಡಿ ಅನ್ನುತ್ತಾನೆ ಅಂತ ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಅಮ್ಮ ನೇರ ಮುಂದೆ ನೋಡುತ್ತಿದ್ದಳು, ಆದರೆ ಅವಳ ಕಿವಿಯೆಲ್ಲ ಕಿಟಕಿಯ ಕಡೆಗೇ ಇತ್ತು. ಬಸ್ಸು ಹೊರಟಿತು. ಅಪ್ಪ ಕೈ ಎತ್ತಿದ, ಅಷ್ಟೇ.

ರಜ ಮುಗಿದರೂ ನಾವು ವಾಪಸು ಹೋಗಲಿಲ್ಲ. ಕೊಳ್ಳೇಗಾಲದಲ್ಲಿ ಮಾವನ ಮನೆಯ ಹತ್ತಿರದ ಸ್ಕೂಲಿಗೆ ನನ್ನನ್ನು ಸೇರಿಸಿದರು, ಕನ್ನಡ ಅಕ್ಷರ ಬರದು ಅಂತ ಒಂದು ಕ್ಲಾಸು ಹಿಂದಕ್ಕೆ ಹಾಕಿದರು. ನನಗಿಂತ ಗಿಡ್ಡ ಮಕ್ಕಳ ನಡುವೆ ಕೂತು ಅ ಆ ತಿದ್ದುವ ಅವಮಾನ ಒಂದು ಕಡೆ, ಅಮ್ಮನ ಬೆರಳು ಓಡುತ್ತಿದ್ದ ಅಕ್ಷರಗಳು ಒಂದೊಂದಾಗಿ ಬಾಯಿಬಿಡುವ ಸೋಜಿಗ ಇನ್ನೊಂದು ಕಡೆ. ಅಮ್ಮನಿಗೆ ಅಲ್ಲೂ ಅಡುಗೆಮನೆಯೇ. ಅತ್ತೆಗೆ ಸೊಂಟನೋವು, ಬಂದ ನಾದಿನಿಗೆ ಒಲೆ ಬಿಟ್ಟುಕೊಟ್ಟು ನಿರಾಳವಾಗಿದ್ದಳು. ಕುಕ್ಕರ್ ಎಷ್ಟು ಬೇಕಾದರೂ ವಿಷಲ್ ಹಾಕಬಹುದಿತ್ತು. ಮೊದಲ ವಾರ ಅಮ್ಮ ಆ ವಿಷಲ್ ಕೇಳಿದಾಗಲೆಲ್ಲ ಬೆಚ್ಚಿಬಿದ್ದು ಓಡುತ್ತಿದ್ದಳು, ಆಮೇಲೆ ತಾನೇ ನಾಚಿಕೊಳ್ಳುತ್ತಿದ್ದಳು.

ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಅಪ್ಪ ಬರುತ್ತಿದ್ದ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು, ಮುಖ ತೊಳೆದು, ಜಗಲಿಯ ಮೇಲೆ ನೆಂಟನ ಹಾಗೆ ಕೂರುತ್ತಿದ್ದ. ನನಗೆ ಒಂದು ತಮಿಳು ಪುಸ್ತಕ, ಅಮ್ಮನಿಗೆ ರಾಯಪುರಂನ ಸಮಾಚಾರ. ಅಂಜಲೈ ಆಯಾ ನಿಮ್ಮನ್ನು ಕೇಳಿದಳು, ನೀರಿನ ಲಾರಿ ಈಗ ಎರಡು ದಿನಕ್ಕೊಮ್ಮೆ, ತಾಂಬರಂನವರಿಗೆ ಬೇರೆ ಯಾರೋ ಸಿಕ್ಕರು. ಅಮ್ಮ ಅವನಿಗೆ ಇಷ್ಟವಾದ ಹುರುಳಿ ಬಸ್ಸಾರು, ಮುದ್ದೆ ಮಾಡಿ ಬಡಿಸುತ್ತಿದ್ದಳು. ನಾನು ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದೆ. ಕೇಳು ಅಪ್ಪಾ, ಈ ಸಲವಾದರೂ ಕೇಳು. ಮನೆಗೆ ಬನ್ನಿ ಅನ್ನು. ಅಮ್ಮ ಒಂದು ತುತ್ತು ಜಾಸ್ತಿ ಹಾಕಿ, ಇನ್ನೇನಾದರೂ ಬೇಕಾ ಅನ್ನುವಳು.

"ಸಾಕು."

"ಇನ್ನೇನೂ ಬ್ಯಾಡ್ವ?"

"ಏನೂ ಬ್ಯಾಡ ಮಾದೇವಿ. ಹೊಟ್ಟೆ ತುಂಬ್ತು."

ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದ. ಅವನು ಹೋದ ಮೇಲೆ ಅಮ್ಮ ಅವನು ಉಂಡ ತಟ್ಟೆಯನ್ನು ತಳ ಸವೆಯುವಂತೆ ಉಜ್ಜುತ್ತಿದ್ದಳು. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಳೆದುಹೋದ ಪುಸ್ತಕಗಳ ಜೊತೆಯಲ್ಲೇ ನನ್ನನ್ನೂ ಬಿಟ್ಟುಕೊಟ್ಟುಬಿಟ್ಟ, ನಾನು ಬಂದರೂ ಸರಿ, ಬಾರದಿದ್ದರೂ ಸರಿ ಅಂದುಕೊಂಡಿದ್ದಾನೆ ಅಂತ ನಿಜವಾಗಿಯೂ ನಂಬಿದ್ದೆ. ಮಕ್ಕಳಿಗೆ ನೇಮ ಗೀಮ ಎಲ್ಲಿ ಅರ್ಥವಾಗುತ್ತದೆ? ಯಾರಾದರೂ ಬಾ ಅನ್ನಬೇಕು ಅಷ್ಟೇ.

ಮುಂದಿನ ಬೇಸಿಗೆಗೆ ಅಮ್ಮ ಸೋತಳು. ಒಂದು ದಿನ ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಬದಲು ಹಸಿಯಾಗಿಯೇ ಮಡಚಿ ಟ್ರಂಕಿಗೆ ತುಂಬಲು ಶುರುಮಾಡಿದಳು. "ಯಾಕಮ್ಮ?" ಅಂದೆ. "ಸಾಕಾಯ್ತು," ಅಂದಳು. ಏನು ಸಾಕಾಯಿತು ಅಂತ ನಾನೂ ಕೇಳಲಿಲ್ಲ.

ರಾಯಪುರಂಗೆ ಬಂದಿಳಿದಾಗ ಹುಣ್ಣಿಮೆಯ ಬೆಳಗು. ಮುಂಬಾಗಿಲು ತೆಗೆದೇ ಇತ್ತು. ಚಾಪೆಯ ಮೇಲೆ ಜನ ಕೂತಿದ್ದರು, ಯಾರೋ ತಮ್ಮ ಪುಸ್ತಕದ ಮಾತು ಹೇಳಿ ಮುಗಿಸುತ್ತಿದ್ದರು, ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ತುಂಬಾ ಬಡವಾಗಿದ್ದ. ಅಮ್ಮ ಟ್ರಂಕನ್ನು ಹೊಸಿಲಲ್ಲಿ ಇಟ್ಟು, ನನ್ನ ಕೈ ಹಿಡಿದುಕೊಂಡು ಒಳಗೆ ಬಂದು, ಪುಸ್ತಕ ವಾಪಸು ಕೊಡುವವರು ನಿಲ್ಲುವ ಜಾಗದಲ್ಲಿ ನಿಂತಳು. "ನಾ ಹೇಳ್ತೀನಿ, ನೀ ಅವ್ರ್ ಮಾತಲ್ಲಿ ಹೇಳು," ಅಂದಳು ನನಗೆ. ಅವಳು ಕನ್ನಡದಲ್ಲಿ ಒಂದೊಂದು ಮಾತು ಹೇಳಿದಳು, ನಾನು ತಮಿಳಿನಲ್ಲಿ ಹೇಳಿದೆ. ನನ್ನನ್ನು ಬಿಟ್ಟರೆ ಎರಡೂ ಭಾಷೆ ಚೆನ್ನಾಗಿ ಬರುತ್ತಿದ್ದದ್ದು ಆ ಕೋಣೆಯಲ್ಲಿ ಅಪ್ಪ ಒಬ್ಬನಿಗೆ. ಪಾಪ, ಎಲ್ಲವನ್ನೂ ಎರಡೆರಡು ಸಲ ಕೇಳಬೇಕಾಯಿತು.

"ಇದು ನನ್ ಹತ್ರ ಬಾಳ ದಿನ ಇತ್ತು. ಕೇಳ್ಕಂಡು ಬತ್ತಾರ ಅಂತ ಇಟ್ಕಂಡಿದ್ದೆ. ಬಂದ್ರು, ಕೇಳ್ನಿಲ್ಲ. ನಂಗ ಸಾಕಾಯ್ತು. ನಾನೇ ತಂದಿವ್ನಿ."

ಕೊನೆಯ ಮಾತನ್ನು ನಾನು ಸಣ್ಣ ದನಿಯಲ್ಲಿ ಹೇಳಿದೆ. ಸಾಧು ಅನ್ನಬೇಕೋ ಬೇಡವೋ ಅಂತ ಜನ ಮುಖ ಮುಖ ನೋಡಿಕೊಂಡರು. ಮೊದಲು ಅಂದವಳು ಅಂಜಲೈ ಆಯಾ. ಆಮೇಲೆ ಎಲ್ಲರೂ ಅಂದರು. ಅಪ್ಪ ಮಾತ್ರ ಅನ್ನಲಿಲ್ಲ, ಹೊಸಿಲಲ್ಲಿದ್ದ ಟ್ರಂಕನ್ನೇ ನೋಡುತ್ತಿದ್ದ.

"ಇನ್ನೊಂದು," ಅಂದಳು ಅಮ್ಮ. "ಇನ್ಮ್ಯಾಲ ಇವಳ್ನ ಎರವಲು ಕೊಡಂಗಿಲ್ಲ. ಇವಳು ಓದೋದ್ನ ಕೇಳೋರು ಇಲ್ಲಿಗೇ ಬರ್ಲಿ. ನಾನೂ ಕೂತ್ಕಂಡು ಕೇಳ್ತೀನಿ."

ನಾನು ಅದನ್ನೂ ತಮಿಳಿಗೆ ತಿರುಗಿಸಿದೆ, ಈ ಸಲ ಗಟ್ಟಿಯಾಗಿ. ಆಮೇಲೆ ವಾಡಿಕೆಯಂತೆ ಎಲ್ಲರೂ ಮೌನಕ್ಕೆ ಕೂತರು. ಅಮ್ಮ ಪ್ರಯಾಣದ ಸೀರೆಯಲ್ಲೇ ಚಾಪೆಯ ತುದಿಯಲ್ಲಿ ಕೂತಳು, ನಾನು ಅವಳ ತೊಡೆಗೆ ಒರಗಿದೆ. ಸ್ವಲ್ಪ ಹೊತ್ತಾಗಿರಬೇಕು, ಬೀದಿಯ ತುದಿಯಲ್ಲಿ ಲಾರಿಯ ಹಾರ್ನ್ ಕೇಳಿಸಿತು. ಅಮ್ಮ ಅಭ್ಯಾಸಬಲದಿಂದ ಏಳಲು ಕೈಯೂರಿದಳು. ಅಷ್ಟರಲ್ಲಿ ಅಪ್ಪ ಎದ್ದುಬಿಟ್ಟಿದ್ದ. ಕೂತವರ ಮೊಣಕಾಲುಗಳ ನಡುವೆ ಕಾಲಿಟ್ಟುಕೊಂಡು ಅಡುಗೆಮನೆಗೆ ಹೋಗಿ, ಕಂಕುಳಿಗೊಂದು ಕೊಡ ಇರುಕಿಕೊಂಡು, ಪಂಚೆ ಎತ್ತಿಕಟ್ಟಿ ಬೀದಿಗೆ ಓಡಿದ. ಹೆಂಗಸರ ಸಾಲಿನಲ್ಲಿ ನಿಲ್ಲಲು ಅವನಿಗೆ ಬರುತ್ತಿರಲಿಲ್ಲ. ಒಂದೇ ಕೊಡ ತುಂಬಿಸಿಕೊಂಡು, ಅದರಲ್ಲೂ ಅರ್ಧ ಚೆಲ್ಲಿಕೊಂಡು ಬಂದ. ಅಮ್ಮ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು.

ಆಮೇಲೆ ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ನಾನು ಮತ್ತೆ ತಮಿಳು ಸ್ಕೂಲಿಗೆ ಸೇರಿದೆ. ಲೈಬ್ರರಿ ಇನ್ನಷ್ಟು ವರ್ಷ ನಮ್ಮ ಮುಂದಿನ ಕೋಣೆಯಲ್ಲೇ ನಡೆಯಿತು, ಸುಂಡಲ್ ಅಮ್ಮನೇ ಮಾಡಿದಳು, ಜಗಳವೂ ಇತ್ತು. ನೀರಿಗೆ ಮಾತ್ರ ಅಪ್ಪ ಹೋಗುತ್ತಿದ್ದ. ಕಪಾಟಿನಲ್ಲಿ ಒಂದು ಹಲಗೆ ಕನ್ನಡದ್ದಾಯಿತು, ಅದರ ಮುಂದೆ ಅಮ್ಮ ಊಟದ ನಂತರ ಕಾಲು ಚಾಚಿ ಕೂರುತ್ತಿದ್ದಳು. ಗೆಳೆಯರು ಒಬ್ಬೊಬ್ಬರಾಗಿ ದೂರವಾದ ಮೇಲೆ ಅಪ್ಪ ಉಳಿದ ಪುಸ್ತಕಗಳನ್ನು ಕೇಳಿದವರಿಗೆಲ್ಲ ಕೊಟ್ಟುಬಿಟ್ಟ.

ಈಚೆಗೆ, ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿ ಮನೆಯಲ್ಲಿ ಸುಮ್ಮನೆ ಕೂತಿದ್ದ ಒಂದು ಮಧ್ಯಾಹ್ನ, ನಾನು ಅವನಿಗೆ ಪೇಪರ್ ಓದಿ ಹೇಳುತ್ತಿದ್ದೆ. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಪೇಪರ್ ಮಡಚಿಟ್ಟು ಕೇಳಿಯೇಬಿಟ್ಟೆ.

"ಅಪ್ಪಾ, ಕೊಳ್ಳೇಗಾಲಕ್ಕೆ ಅಷ್ಟು ಸಲ ಬಂದೆಯಲ್ಲ, ಒಂದು ಸಲವೂ ಯಾಕೆ ನಮ್ಮನ್ನು ಕರೆಯಲಿಲ್ಲ? ನೇಮ ಅಂತಲಾ?"

ಅವನು ಕಪ್ಪು ಕನ್ನಡಕವನ್ನು ಸರಿಮಾಡಿಕೊಂಡ.

"ನೇಮ ಅಲ್ಲ ಮಗಾ. ನಾ ಕೇಳಿದ್ರ ನೀ ಓಡ್ಬತ್ತಿದ್ದೆ, ಅದು ಗೊತ್ತಿತ್ತು. ನಿಮ್ಮವ್ವ ಬತ್ತಿರ್ನಿಲ್ಲ. ಕೇಳಿ ನಿನ್ನ ಕರ್ಕಂಡು ಬಂದಿದ್ರ ಅವಳ ಕೈಯಿಂದ ಕಿತ್ಕಂಡಂಗ ಆಗೋದು. ಅವಳು ಬಂದಾಗ ಬರ್ಲಿ ಅಂತ ಇದ್ದೆ."

ನನಗೆ ಒಂದು ಕ್ಷಣ ಅಪ್ಪನ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ಆ ವರ್ಷವೆಲ್ಲ ನಾನು ಬಾಗಿಲ ಸಂದಿಯಲ್ಲಿ ನಿಂತದ್ದಕ್ಕೆ ಒಂದು ಅರ್ಥ ಸಿಕ್ಕಿತು ಅನ್ನಿಸಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ ಬಂತು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

"ಮೊದಲ್ನೇ ಸಲ ಬಂದಾಗ್ಲೇ ಬಾ ಅಂದಿದ್ರ, ಉಂಡ ತಟ್ಟೇನೂ ತೊಳೀದ ನಿಮ್ಮ ಹಿಂದ್ಲೇ ಬಸ್ ಹತ್ತ್‌ಬುಡ್ತಿದ್ದೆ."

ಅಪ್ಪ ನನ್ನ ಕಡೆ ನೋಡಿದ. ನಾನು ಪೇಪರಿನ ಕಡೆ ನೋಡಿದೆ. ಅವನು ಗಂಟಲು ಸರಿಮಾಡಿಕೊಂಡು, ಅಡುಗೆಮನೆಯ ಕಡೆ ಮುಖ ತಿರುಗಿಸಿ, ಬಹಳ ಸಣ್ಣ ದನಿಯಲ್ಲಿ ಕೇಳಿದ.

"ಒಂಚೂರು ಕಾಪಿ ಸಿಕ್ಕದಾ ಮಾದೇವಿ?"

"ಅದ್ನಾದ್ರೂ ಬಾಯ್ಬುಟ್ಟು ಕೇಳ್ತೀರಲ್ಲ," ಅಂದಳು ಅಮ್ಮ, ಒಲೆ ಹಚ್ಚುತ್ತಾ.